ಒಂಬತ್ತು ಗಂಟೆಯ ವ್ಯತ್ಯಾಸ

ನಾನು ಮೊದಲು ಕಟ್ಟಿದ ಸೌರಮಂಡಲ ಹನ್ನೊಂದು ಸೆಕೆಂಡು ಬಾಳಿತು. ಸೂರ್ಯನನ್ನು ಪರದೆಯ ನಡುವೆ ಇಟ್ಟೆ. ಭೂಮಿಯನ್ನು ಪುಸ್ತಕ ಹೇಳಿದಷ್ಟೇ ದೂರದಲ್ಲಿ ಇಟ್ಟೆ. ಕಾಲ ಓಡಿಸುವ ಗುಂಡಿ ಒತ್ತಿದೆ. ಭೂಮಿ ಒಂದು ಕ್ಷಣ ಯೋಚನೆ ಮಾಡುವಂತೆ ನಿಂತು, ಆಮೇಲೆ ನೆಟ್ಟಗೆ ಹೋಗಿ ಸೂರ್ಯನೊಳಗೆ ಬಿತ್ತು. ಸಣ್ಣದೊಂದು ಕಿಡಿ ಕಂಡಿತು, ಅಷ್ಟೆ. ಅಜ್ಜಂಪುರ, ನನ್ನ ಮನೆ, ಒಲೆಯ ಮೇಲೆ ಇಟ್ಟು ಮರೆತಿದ್ದ ಹಾಲು, ಎಲ್ಲಾ ಸೇರಿ ಅಷ್ಟೇ ಕಿಡಿ. ಹಾಲು ಮಾತ್ರ ನಿಜವಾಗಿಯೂ ಉಕ್ಕಿತ್ತು.

ನಾನು ಸರ್ವೆಯರ್. ಜಮೀನು ಅಳೆಯುವುದು ಕೆಲಸ, ಚಿಂತೆ ಮಾಡುವುದು ಸ್ವಭಾವ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುತ್ತೇನೆ. ತಿರುವಿನವರೆಗೆ ಹೋಗಿ, ವಾಪಸ್ ಬಂದು, ನಾಲ್ಕನೆಯ ಸಲ ಎಳೆದದ್ದೂ ಉಂಟು. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಶಿವನಿ ಊರಿನ ಹೊಲವೊಂದರ ನಟ್ಟನಡುವೆ, ಕೈಯಲ್ಲಿ ಟೇಪು ಹಿಡಿದು ಬೆವರಿದ್ದೇನೆ. ಐವತ್ತೆರಡು ವರ್ಷದಲ್ಲಿ ನನ್ನ ಮನೆಗೆ ಒಮ್ಮೆಯೂ ಬೆಂಕಿ ಬಿದ್ದಿಲ್ಲ. ಅದಕ್ಕೆ ನನ್ನ ಚಿಂತೆಯೇ ಕಾರಣ ಎಂದು ಒಳಗೊಳಗೆ ನಂಬಿದ್ದೇನೆ.

ಹೊಸ ನಕ್ಷೆ ತಂತ್ರಾಂಶ ಕಲಿಯಿರಿ ಎಂದು ಕಚೇರಿಯಲ್ಲಿ ಹೇಳಿದ್ದಕ್ಕೆ ಲ್ಯಾಪ್‌ಟಾಪ್ ಕೊಂಡಿದ್ದೆ. ಕಲಿಯುವ ವಿಡಿಯೊ ಹುಡುಕುತ್ತ ಹುಡುಕುತ್ತ ಎಲ್ಲೋ ಜಾರಿ, ಬಾಹ್ಯಾಕಾಶ ಕಟ್ಟುವ ಆಟವೊಂದರ ಮುಂದೆ ಬಂದು ನಿಂತೆ. ಅದರಲ್ಲಿ ಗುಂಡು ಹೊಡೆಯುವುದಿಲ್ಲ, ಯಾರೂ ಗೆಲ್ಲುವುದಿಲ್ಲ. ನಕ್ಷತ್ರ, ಗ್ರಹ, ಚಂದ್ರ ಇವನ್ನು ಒಂದೊಂದಾಗಿ ಎತ್ತಿ ಇಡುವುದು, ತೂಕ ಕೊಡುವುದು, ವೇಗ ಕೊಡುವುದು, ಆಮೇಲೆ ಏನಾಗುತ್ತದೆಂದು ನೋಡುತ್ತ ಕೂರುವುದು. ಸಂಜೆ ಆರೂವರೆಗೆ ಮನೆಗೆ ಬಂದು ದೀಪ ಹಾಕಿದ ಮೇಲೆ ಊಟದವರೆಗೆ ನನಗೆ ಬೇರೇನು ಕೆಲಸವಿತ್ತು? ಮನೆಯಲ್ಲಿ ನಾನೊಬ್ಬನೇ.

ಹೆಂಡತಿ ಇದ್ದಾಳೆ. ತರೀಕೆರೆಯ ಒಂದು ಆಸ್ಪತ್ರೆಯಲ್ಲಿ ನರ್ಸು, ಹೆರಿಗೆ ವಾರ್ಡಿನಲ್ಲಿ. ನಮಗೆ ಮಕ್ಕಳಿಲ್ಲ, ಊರವರ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟುತ್ತವೆ. ಎರಡು ವರ್ಷದ ಹಿಂದೆ ಪಾಳಿಯ ಕೆಲಸಕ್ಕೆ ಬಸ್ಸಿನ ಓಡಾಟ ಸಾಕಾಗಿ ಅಲ್ಲೊಂದು ಬಾಡಿಗೆ ರೂಮು ಮಾಡಿದಳು. ಜಗಳವಾಡಿ ಹೋದದ್ದಲ್ಲ. ಜಗಳವಾಗಿದ್ದರೆ ರಾಜಿಯಾದರೂ ಆಗಬಹುದಿತ್ತು. ಅಜ್ಜಂಪುರಕ್ಕೂ ತರೀಕೆರೆಗೂ ದೂರವೂ ಇಲ್ಲ. ಬಸ್ಸಿನಲ್ಲಿ ಕೂತು ಒಂದು ನಿದ್ದೆ ತೆಗೆಯುವಷ್ಟರಲ್ಲಿ ಊರು ಬಂದಿರುತ್ತದೆ. ರಜೆಯ ದಿನ ಅವಳು ಬರುತ್ತಿದ್ದಳು. ಬಂದು ಮನೆ ಗುಡಿಸಿ, ಎರಡು ದಿನಕ್ಕಾಗುವಷ್ಟು ಹುಳಿ ಮಾಡಿಟ್ಟು, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳು. ಅವಳು ಬಂದ ದಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕುವುದು ನನ್ನ ಅಭ್ಯಾಸ. ಒಂದು ಸುತ್ತಿನಿಂದ ಇನ್ನೊಂದಕ್ಕೆ ಮೊದಲು ಏಳು ದಿನ ಇರುತ್ತಿತ್ತು. ಆಮೇಲೆ ಎಂಟು, ಹತ್ತು. ಈ ವರ್ಷದ ಬೇಸಿಗೆಯ ಹೊತ್ತಿಗೆ ಹದಿಮೂರಾಗಿತ್ತು. ಅಳೆಯುವವನಿಗೆ ಇದು ಕಾಣದೆ ಇರುತ್ತದೆಯೇ? ಕಂಡಿತು. ಕಂಡದ್ದನ್ನು ಯಾರಿಗೂ ಹೇಳದೆ ಭೂಮಿಗೆ ವೇಗ ಕೊಡುವುದನ್ನು ಕಲಿಯತೊಡಗಿದೆ.

ಕಲಿಯುವುದಕ್ಕೆ ಒಂದು ತಿಂಗಳು ಹಿಡಿಯಿತು. ಗ್ರಹವನ್ನು ಅಡ್ಡಕ್ಕೆ ತಳ್ಳಬೇಕು. ಸೂರ್ಯ ತನ್ನ ಕಡೆಗೆ ಎಳೆಯುತ್ತಿರುತ್ತಾನೆ, ಇದು ಪಕ್ಕಕ್ಕೆ ಓಡುತ್ತಿರುತ್ತದೆ. ಬೀಳುತ್ತಲೇ ಇರುವುದು, ಆದರೆ ತಪ್ಪಿಸಿಕೊಳ್ಳುತ್ತಲೂ ಇರುವುದು. ಕಕ್ಷೆ ಎಂದರೆ ಇಷ್ಟೇ. ಮೆಲ್ಲಗೆ ತಳ್ಳಿದರೆ ಬೀಳುತ್ತದೆ, ಜೋರಾಗಿ ತಳ್ಳಿದರೆ ಮತ್ತೆಂದೂ ಬರದ ಹಾಗೆ ಹೋಗಿಬಿಡುತ್ತದೆ. ಸರಿಯಾಗಿ ತಳ್ಳಿದ ಮೇಲೂ ನನ್ನ ಕೈ ಸುಮ್ಮನಿರುತ್ತಿರಲಿಲ್ಲ. ಭೂಮಿ ಸ್ವಲ್ಪ ದೂರ ಹೋದಂತೆ ಕಂಡರೆ ಸಾಕು, ಕಾಲ ನಿಲ್ಲಿಸಿ ಒಳಕ್ಕೆ ಒಂದು ಚೂರು ನೂಕುತ್ತಿದ್ದೆ. ಆ ಕಡೆ ಹತ್ತಿರ ಬಂದರೆ ಹೊರಕ್ಕೆ ನೂಕುತ್ತಿದ್ದೆ. ನನ್ನ ತಿದ್ದುಪಡಿಗಳ ದೆಸೆಯಿಂದ ಒಂದು ವಾರದಲ್ಲಿ ಆರು ಭೂಮಿಗಳು ಹಾಳಾದವು. ಚೆನ್ನಾಗಿ ಕಾಣಲಿ ಎಂದು ಚಂದ್ರನನ್ನು ತುಸು ದೂರ ಇಟ್ಟಿದ್ದೆ. ಅದನ್ನು ಸೂರ್ಯನೇ ಕಸಿದುಕೊಂಡ.

ಆಟದಲ್ಲಿ ಬೀಗದ ಚಿತ್ರವಿರುವ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಆ ವಸ್ತು ಇದ್ದಲ್ಲೇ ಇರುತ್ತದೆ, ಬ್ರಹ್ಮಾಂಡವೇ ಎಳೆದರೂ ಅಲ್ಲಾಡುವುದಿಲ್ಲ. ನನಗೆ ಇದಕ್ಕಿಂತ ಪ್ರಿಯವಾದ ಗುಂಡಿ ಇನ್ನೊಂದಿರಲಿಲ್ಲ. ನಮ್ಮ ಕೆಲಸದಲ್ಲಿ ಹೊಲಕ್ಕೆ ಇಳಿದ ತಕ್ಷಣ ಮೊದಲು ಹುಡುಕುವುದು ಬಾಂದುಕಲ್ಲು, ಅಂದರೆ ಗಡಿಗೆ ನೆಟ್ಟ ಕಲ್ಲು. ಅದು ಅಲ್ಲಾಡಿಲ್ಲ ಎಂದು ಖಾತ್ರಿಯಾದರೆ ಉಳಿದ ಅಳತೆಯೆಲ್ಲ ಅದರಿಂದ ಹೊರಡುತ್ತದೆ. ಹಾಗಾಗಿ ಏನನ್ನು ಕಟ್ಟಿದರೂ ನಡುವೆ ಇದ್ದದ್ದಕ್ಕೆ ಬೀಗ ಹಾಕಿಯೇ ಶುರು ಮಾಡುತ್ತಿದ್ದೆ. ಸೂರ್ಯನಿಗೆ ಬೀಗ, ಗುರುಗ್ರಹಕ್ಕೆ ಬೀಗ. ಎಲ್ಲವೂ ಹೆಚ್ಚುಕಮ್ಮಿ ಸರಿಯಾಗಿ ತಿರುಗಿದವು. ಭೂಮಿ ಮುನ್ನೂರ ಅರವತ್ತೈದು ದಿನಕ್ಕೆ ಒಂದು ಸುತ್ತು ಬಂದ ಸಂಜೆ ನಾನೊಬ್ಬನೇ ಎದ್ದು ನಿಂತು ಒಂದು ಲೋಟ ಕಾಫಿ ಕುಡಿದೆ.

ಕೈಕೊಟ್ಟದ್ದು ಪ್ಲೂಟೊ.

ಪ್ಲೂಟೊಗೆ ಕೇರನ್ ಎಂಬ ಚಂದ್ರ ಇದೆ. ಆರು ದಿನ ಒಂಬತ್ತು ಗಂಟೆಗೆ ಅದರ ಒಂದು ಸುತ್ತು. ಎಂದಿನಂತೆ ಪ್ಲೂಟೊವನ್ನು ನಡುವೆ ಇಟ್ಟು ಬೀಗ ಹಾಕಿದೆ. ಕೇರನನ್ನು ಸರಿಯಾದ ದೂರದಲ್ಲಿ, ದುಂಡನೆಯ ಕಕ್ಷೆಗೆ ಬೇಕಾದ ವೇಗದಲ್ಲಿ ಬಿಟ್ಟೆ. ಆರು ದಿನ ಹದಿನೆಂಟು ಗಂಟೆ ಬಂತು. ಮತ್ತೆ ಬಿಟ್ಟೆ, ಮತ್ತೆ ಹದಿನೆಂಟು. ಒಂಬತ್ತು ಗಂಟೆ ಹೆಚ್ಚು! ಹೊಲದಲ್ಲಿ ಸುತ್ತಲೂ ಅಳೆದು ಹೊರಟಲ್ಲಿಗೇ ಬಂದಾಗ ಗೆರೆ ಕೂಡದೆ ಹೋದರೆ ನನಗೆ ಅನ್ನ ಸೇರುವುದಿಲ್ಲ. ತೂಕದ ಅಂಕಿಗಳನ್ನು ಬೆರಳಿಟ್ಟು ಓದಿದೆ. ಕಾಲವನ್ನು ನಿಧಾನ ಮಾಡಿ ನೋಡಿದೆ. ಲ್ಯಾಪ್‌ಟಾಪ್ ಬಿಸಿಯಾಗಿ ತಪ್ಪು ಎಣಿಸುತ್ತಿದೆಯೋ ಏನೋ ಎಂದು ಅದರ ಕೆಳಗೆ ಚಪಾತಿ ಮಣೆ ಇಟ್ಟೆ. ಹದಿನೆಂಟೇ.

ಹಿಂದಿನ ಸಲ ಬಂದುಹೋದ ಹದಿನಾಲ್ಕನೆಯ ದಿನ, ಒಂದು ಬುಧವಾರ, ಹೆಂಡತಿ ಬಂದಳು. ನಾನು ರಜೆ ಹಾಕಿದ್ದೆ. ಬ್ಯಾಗು ಕೆಳಗಿಡುವ ಮೊದಲೇ ಅಡುಗೆಮನೆ ನೋಡಿ, "ಚಪಾತಿ ಮಣೆ ಎಲ್ಲಿ ಹೋಯ್ತು?" ಅಂದಳು.

"ಪ್ಲೂಟೊ ಕೆಳಗೈತೆ."

ಅವಳು ಬ್ಯಾಗು ಕೆಳಗಿಟ್ಟಳು. ಇಪ್ಪತ್ತನಾಲ್ಕು ವರ್ಷದ ಸಂಸಾರದಲ್ಲಿ ಯಾವುದನ್ನು ಕೇಳಬಾರದೆಂದು ಕಲಿತಿದ್ದಾಳೆ. ಊಟವಾದ ಮೇಲೆ ತಟ್ಟೆ ತೊಳೆದು, ಕೈ ಒರೆಸಿಕೊಳ್ಳುತ್ತ ಬಂದು ನನ್ನೆದುರಿಗೆ ಕೂತಳು.

"ರೀ, ಒಂದು ವಿಷಯ. ಆಸ್ಪತ್ರೆ ಕಾಂಪೌಂಡಲ್ಲೇ ನಂಗೆ ಕ್ವಾರ್ಟರ್ಸ್ ಕೊಡ್ತಾರಂತೆ. ಫಾರಂ ತುಂಬಬೇಕು. ಸಿಂಗಲ್ ಅಂತ ಬರೆದ್ರೆ ಒಂದು ರೂಮು. ಫ್ಯಾಮಿಲಿ ಅಂತ ಬರೆದ್ರೆ ಎರಡು ರೂಮು, ಅಡುಗೆಮನೆ, ಹಿಂದೆ ಬಟ್ಟೆ ಒಣಗಾಕೋ ಜಾಗ. ಏನ್ ಬರೀಲಿ?"

ನನಗೆ ಪ್ರಶ್ನೆ ಅರ್ಥವಾಯಿತು. ಅರ್ಥವಾಗದವನಂತೆ, "ನೀರು ಹೆಂಗೈತಂತೆ ಅಲ್ಲಿ?" ಅಂದೆ.

"ನೀರು ಬರ್ತೈತೆ. ನೀವು ಬತ್ತೀರಾ?"

"ನಾನು ಬಂದ್ರೆ ಇಲ್ಲಿ ಮನೆ?"

"ಮನೆ ಎಲ್ಲಿಗೂ ಹೋಗಲ್ಲ. ಅಲ್ಲಿಂದ ದಿನಾ ಬಸ್ಸಲ್ಲಿ ಆಫೀಸಿಗೆ ಬರಬಹುದು. ನಾನು ಓಡಾಡ್ತಿರ್ಲಿಲ್ವಾ ಅಷ್ಟು ವರ್ಷ?"

ನನ್ನ ಚಿಂತೆಗಳನ್ನು ಒಂದೊಂದಾಗಿ ಮುಂದಿಟ್ಟೆ. ಬೋರಿನ ಮೋಟಾರು ವಾರಗಟ್ಟಲೆ ಓಡದೆ ಇದ್ದರೆ ಹಿಡಿದುಕೊಳ್ಳುತ್ತದೆ. ಹಿತ್ತಲಿನ ನಾಲ್ಕು ತೆಂಗಿಗೆ ನೀರು ಯಾರು ಬಿಡುತ್ತಾರೆ? ಬಾಗಿಲು ಹಾಕಿದ ಮನೆಗೆ ಗೆದ್ದಲು ಬರುತ್ತದೆ. ತರೀಕೆರೆಯ ಬಸ್ಸು ಕೆಟ್ಟು ನಿಂತ ದಿನವೇ ಮೇಲಿನ ಅಧಿಕಾರಿ ಬಂದರೆ? ಅವಳು ಸ್ವಲ್ಪ ಹೊತ್ತು ಕೇಳಿಸಿಕೊಂಡಳು. ಎರಡನೆಯ ತೆಂಗಿನ ಹೊತ್ತಿಗೆ ಅವಳ ಮುಖ ವಾರ್ಡಿನಲ್ಲಿ ಬಿಪಿ ನೋಡುವಾಗಿನ ಮುಖದಂತಾಯಿತು. ನಾನು ದಿಕ್ಕು ಕಾಣದೆ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ.

"ಇದೊಂದು ನೋಡು. ಒಂಬತ್ತು ಗಂಟೆ ಎಲ್ಲಿಂದ ಬರ್ತೈತೆ ಅಂತಾನೇ ಗೊತ್ತಾಗ್ತಿಲ್ಲ ಕಣೇ."

ಅವಳು ಕನ್ನಡಕ ಹಾಕಿಕೊಂಡು ಬಗ್ಗಿದಳು. ನಡುವೆ ಮಸುಕು ಬಣ್ಣದ ಪ್ಲೂಟೊ, ಅದರ ಸುತ್ತ ಬೂದು ಕೇರನ್, ಸುತ್ತುತ್ತಿತ್ತು.

"ಈ ದೊಡ್ಡದಕ್ಕೆ ಬೀಗ ಯಾಕೆ ಹಾಕಿದೀರಾ?"

"ಅದು ಅಲ್ಲಾಡಬಾರದು ಅಂತ."

"ಯಾಕೆ ಅಲ್ಲಾಡಬಾರದು?"

"ನಡುಮಧ್ಯ ಇರೋದು ಅಲ್ಲಾಡಿದ್ರೆ ಅಳೆಯೋದು ಎಲ್ಲಿಂದ?"

"ಪಾಪ, ಆ ಸಣ್ಣದು ಒಂದೇ ಓಡಾಡ್ತೈತೆ ನೋಡಿ," ಅಂದಳು. ನಗಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡಳು. ಆಮೇಲೆ ಎದ್ದು ಬ್ಯಾಗು ತೆಗೆದುಕೊಂಡು, ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದಳು: "ಸೋಮವಾರದೊಳಗೆ ಹೇಳ್ರಿ. ನಂಗೂ ಸಾಕಾಗಿದೆ ಈ ಬಸ್ಸು. ಸಿಂಗಲ್ ಅಂತ ಬರೆದ್ರೆ ಇನ್ನು ತಿಂಗಳಿಗೊಂದ್ಸಲ ಬಂದ್ರೆ ಬಂದೆ."

ಬಸ್‌ ಸ್ಟ್ಯಾಂಡಿನವರೆಗೆ ಹೋಗಿ ಕಳಿಸಿಬರುತ್ತಿದ್ದೆ ಯಾವಾಗಲೂ. ಅವತ್ತು ಚಪ್ಪಲಿ ಹುಡುಕುವಷ್ಟರಲ್ಲಿ ಅವಳು ತಿರುವು ದಾಟಿದ್ದಳು.

ಆ ತಿಂಗಳು ನನ್ನನ್ನು ಮತ್ತೆ ಕಡೂರು ತಾಲ್ಲೂಕಿಗೆ ಹಾಕಿದ್ದರು. ಮಾರನೆಯ ದಿನ ಹಿರೇನಲ್ಲೂರಿನ ಕಡೆ ಒಂದು ಒಣಹೊಲದ ಹದ್ದುಬಸ್ತು ಇತ್ತು, ಅಂದರೆ ಗಡಿ ಗುರುತಿಸಿ ಕೊಡುವ ಕೆಲಸ. ಅಕ್ಕಪಕ್ಕದ ಹೊಲದವರಿಬ್ಬರೂ ಬಂದು ನಿಂತಿದ್ದರು. ರಾಗಿ ಕೂಳೆಯ ನಡುವೆ ಬಾಂದುಕಲ್ಲಿಗಾಗಿ ಒಂದು ಗಂಟೆ ತಡಕಾಡಿದೆವು. ನಕ್ಷೆಯಲ್ಲಿದ್ದ ಕಲ್ಲು ನೆಲದಲ್ಲಿ ಇರಲಿಲ್ಲ. ಕೊನೆಗೆ ಕುಡಿಯುವ ನೀರು ಕೇಳಲು ಹೊಲದಂಚಿನ ಮನೆಗೆ ಹೋದರೆ, ಹಿತ್ತಲಿನಲ್ಲಿ ಒಬ್ಬ ಅಜ್ಜಿ ಒಂದು ಕಲ್ಲಿನ ಮೇಲೆ ಕಂಬಳಿ ಒಗೆಯುತ್ತಿದ್ದಳು. ಕಲ್ಲಿನ ಅಂಚಿನಲ್ಲಿ ಸರ್ವೆಯ ಗುರುತು, ಸೋಪಿನ ನೊರೆಯ ಕೆಳಗೆ.

"ಅಜ್ಜಿ, ಈ ಕಲ್ಲು ಎಲ್ಲಿತ್ತು?"

"ಹೊಲದಾಗಿತ್ತು ಕಣಪ್ಪಾ. ಒಳ್ಳೆ ನುಣ್ಣಗೈತೆ ಅಂತ ತಂದ್ವಿ. ಹತ್ತು ವರ್ಷಾಯ್ತು. ಯಾಕೆ, ನಿಂಗೆ ಬೇಕಾಗಿತ್ತಾ?"

ಹೊಲದವರಲ್ಲಿ ಒಬ್ಬ ತಲೆಯ ಮೇಲೆ ಕೈಯಿಟ್ಟ. "ಅಲ್ಲಾ ಸ್ವಾಮಿ, ಹಂಗಾದ್ರೆ ನಮ್ಮ ಹೊಲ ಎಲ್ಲಿಂದ ಶುರು?"

ನಾನು ಕಡತ ತೆರೆದೆ. ಆರು ವರ್ಷದ ಹಿಂದಿನ ಹಾಳೆಯಲ್ಲಿ ಬರೆದಿತ್ತು: ಕಲ್ಲು ಸ್ವಸ್ಥಾನದಲ್ಲಿದೆ. ಕೆಳಗಿದ್ದ ಸಹಿ ನನ್ನದು. ಅವತ್ತು ಮಳೆ ಬರುವ ಹಾಗಿತ್ತು, ನೆನೆದರೆ ನೆಗಡಿಯಾಗುತ್ತದೆಂಬ ಚಿಂತೆ. ರಸ್ತೆಯಿಂದಲೇ ನೋಡಿ ಬರೆದಿದ್ದೆ. ಅಲ್ಲೇ ಇದೆ ಎಂದು ನಂಬಿಕೊಂಡ ಕಲ್ಲಿನ ಮೇಲೆ ಅಜ್ಜಿ ಹತ್ತು ವರ್ಷದಿಂದ ಬಟ್ಟೆ ಬಡಿಯುತ್ತಿದ್ದಳು.

ಹೊಲದವರಿಬ್ಬರಿಗೂ ನನ್ನ ಸಹಿಯನ್ನು ತೋರಿಸಿದೆ. ತಪ್ಪು ನನ್ನದೇ ಅಂದೆ. ಇಬ್ಬರೂ ಮೊದಲ ಸಲ ಒಂದಾಗಿ ನನ್ನನ್ನು ಬೈದರು. ಆಮೇಲೆ ದೂರದ ಬೇರೆ ಮೂರು ಕಲ್ಲುಗಳನ್ನು ಹಿಡಿದು, ಒಂದನ್ನೂ ಪೂರ್ತಿ ನಂಬದೆ, ಒಂದರಿಂದ ಇನ್ನೊಂದನ್ನು ತಾಳೆ ನೋಡುತ್ತ ಇಡೀ ದಿನ ಅಳೆದೆವು. ಗಡಿ ಸಿಕ್ಕಿತು. ಅಳತೆಗೆ ಒಂದು ಅಲ್ಲಾಡದ ಕಲ್ಲು ಇರಲೇಬೇಕೆಂದು ಇಪ್ಪತ್ತೇಳು ವರ್ಷದಿಂದ ಹೇಳಿಕೊಂಡು ಬಂದವನು ನಾನು. ಬಸ್ಸಿನಲ್ಲಿ ವಾಪಸ್ ಬರುವಾಗ ಕಿಟಕಿಗೆ ತಲೆಯಿಟ್ಟು ಕೂತಿದ್ದೆ. ಪಕ್ಕದವರು ಹುಷಾರಿಲ್ಲವೇ ಎಂದು ಕೇಳಿದರು.

ಶನಿವಾರ ಸಂಜೆ ಲ್ಯಾಪ್‌ಟಾಪ್ ತೆರೆದು ಪ್ಲೂಟೊದ ಬೀಗ ತೆಗೆದೆ. ಅಷ್ಟು ಸಣ್ಣ ಕೆಲಸಕ್ಕೆ ಎದೆ ಹೊಡೆದುಕೊಂಡಿತು ಎಂದರೆ ನಗುತ್ತೀರಿ. ಕಾಲ ಓಡಿಸಿದೆ. ಎರಡೂ ಒಂದನ್ನೊಂದು ಸುತ್ತುತ್ತ, ಸುತ್ತುತ್ತಲೇ ಪಕ್ಕಕ್ಕೆ ಸರಿಯುತ್ತ, ಪರದೆಯ ಅಂಚು ದಾಟಿ ಎಲ್ಲಿಗೋ ಹೋಗಿಬಿಟ್ಟವು. ನಾನು ಹೆದರಿದ್ದೂ ಇದಕ್ಕೇ. ಕೂಡಲೇ ಬೀಗ ವಾಪಸ್ ಹಾಕಲು ಕೈ ಹೋಯಿತು. ಹಾಕಲಿಲ್ಲ. ಕಾಗದ ತೆಗೆದುಕೊಂಡು ಲೆಕ್ಕ ಮಾಡಿದೆ. ಓಡುವ ಬಲವನ್ನೆಲ್ಲ ಕೇರನಿಗೇ ಕೊಟ್ಟಿದ್ದೆ. ಪ್ಲೂಟೊಗೆ ಏನೂ ಕೊಟ್ಟಿರಲಿಲ್ಲ. ಕೇರನ್ ಆ ಕಡೆಗೆ ಹೊರಟರೆ ಪ್ಲೂಟೊ ಈ ಕಡೆಗೆ ಹೊರಡಬೇಕು. ಬಹಳವಲ್ಲ, ಅದು ದಪ್ಪನೆಯದು. ಕೇರನ್ನಿನ ವೇಗದ ಎಂಟರಲ್ಲಿ ಒಂದು ಪಾಲು ಸಾಕು.

ಕೇರನ್ನಿನ ವೇಗವನ್ನು ತುಸು ಇಳಿಸಿ, ಪ್ಲೂಟೊಗೆ ಅದರ ಎಂಟರಲ್ಲಿ ಒಂದು ಪಾಲು ಕೊಟ್ಟು ಬಿಟ್ಟೆ. ಈ ಸಲ ಎರಡೂ ಎಲ್ಲಿಗೂ ಹೋಗಲಿಲ್ಲ. ಪ್ಲೂಟೊ ಸಣ್ಣದೊಂದು ಸುತ್ತು, ಕೇರನ್ ದೊಡ್ಡದೊಂದು ಸುತ್ತು. ಎರಡರ ನಡುವೆ, ಪ್ಲೂಟೊದಿಂದ ಹೊರಗೆ, ಬರಿಯ ಖಾಲಿ ಜಾಗದಲ್ಲಿ ಒಂದು ಬಿಂದು. ಎರಡೂ ಅದನ್ನೇ ಸುತ್ತುತ್ತಿದ್ದವು. ಅಲ್ಲಿ ಏನೂ ಇಲ್ಲ, ಕಲ್ಲು ನೆಡುವುದಕ್ಕೂ ನೆಲವಿಲ್ಲ. ಗಡಿಯಾರದ ಅಂಕಿಗಳನ್ನು ನೋಡುತ್ತ ಕೂತೆ. ಆರು ದಿನ ಒಂಬತ್ತು ಗಂಟೆ ಬಂತು. ಕೂಗಿ ಹೇಳೋಣವೆಂದರೆ ಅಡುಗೆಮನೆಯಲ್ಲಿ ಯಾರೂ ಇರಲಿಲ್ಲ. ಹಲ್ಲಿ ಲೊಚಗುಟ್ಟಿತು. ಫೋನ್ ಮಾಡಿದೆ, ಡ್ಯೂಟಿಯಲ್ಲಿದ್ದಳೋ ಏನೋ, ಎತ್ತಲಿಲ್ಲ.

ಭಾನುವಾರ ಬೆಳಿಗ್ಗೆ ಬೀಗ ಮೂರು ಸಲ ಎಳೆದು ನೋಡಿ ತರೀಕೆರೆಯ ಬಸ್ಸು ಹತ್ತಿದೆ. ವಿಳಾಸದ ಚೀಟಿ ಜೇಬಿನಲ್ಲಿತ್ತು. ಇಲ್ಲಿಯವರೆಗೆ ಹೇಳದೆ ಮುಚ್ಚಿಟ್ಟದ್ದನ್ನು ಈಗ ಹೇಳಬೇಕು: ಎರಡು ವರ್ಷದಲ್ಲಿ ನಾನು ಅವಳ ರೂಮು ನೋಡಿರಲಿಲ್ಲ. ಹೋಗಬಾರದೆಂದಲ್ಲ. ಪ್ರತಿ ಸಲವೂ ಮೋಟಾರೋ ತೆಂಗೋ ಅಡ್ಡ ಬರುತ್ತಿತ್ತು.

ರೂಮಿಗೆ ಬೀಗ ಹಾಕಿತ್ತು. ಮೆಟ್ಟಿಲ ಮೇಲೆ ಕೂತೆ. ಸ್ವಲ್ಪ ಹೊತ್ತಿಗೆ ಮನೆ ಮಾಲೀಕರ ಹೆಂಡತಿ, ತಲೆಯ ಮೇಲೆ ದುಪಟ್ಟಾ ಹೊದ್ದ ವಯಸ್ಸಾದ ಹೆಂಗಸು, ಪಕ್ಕದ ಬಾಗಿಲಿನಿಂದ ಇಣುಕಿದರು. ಒಳಗೆ ಯಾರಿಗೋ ದಖ್ಖನಿ ಉರ್ದುವಿನಲ್ಲಿ ಏನೋ ಹೇಳಿ, ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಯಾರು ಬೇಕಾಗಿತ್ತಪ್ಪಾ?" ಅಂದರು.

"ಸಿಸ್ಟರ್... ಅವರ ಮನೆಯವರು ನಾನು."

ಅವರು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಅಯ್ಯೋ, ನಿಜವಾಗ್ಲೂ ಇದೀರಾ! ಸಿಸ್ಟರ್ ಹೇಳ್ತಾನೇ ಇದ್ರು, ಯಜಮಾನ್ರು ಅಜ್ಜಂಪುರದಲ್ಲಿ ಅಂತ. ನಮ್ಮ ಸೊಸೆ, ಸುಮ್ನೆ ಹೇಳ್ತಾರೆ ಅಮ್ಮಾ, ಯಾರೂ ಇರಕ್ಕಿಲ್ಲ ಅಂತಿದ್ಲು. ಇರಿ, ಕುರ್ಚಿ ತರ್ತೀನಿ. ಎರಡು ಗಂಟೆಗೆ ಡ್ಯೂಟಿ ಮುಗೀತದೆ."

ಕುರ್ಚಿ ಬಂತು, ಚಹಾ ಬಂತು. ಸೊಸೆಯೂ ಬಂದು ಬಾಗಿಲ ಸಂದಿಯಿಂದ ನನ್ನನ್ನು ನೋಡಿ ಹೋದಳು. ಮೂರು ಗಂಟೆಯ ಕಾಲ ಆ ಅಂಗಳದಲ್ಲಿ ಕೂತಿದ್ದೆ. ತಂತಿಯ ಮೇಲೆ ಹೆಂಡತಿಯ ಸೀರೆಯೊಂದು ಒಣಗುತ್ತಿತ್ತು. ನಾನು ನೋಡದ ಸೀರೆ. ಕಿಟಕಿಯ ಸರಳಿಗೆ ಒಂದೇ ಒಂದು ಟವೆಲು. ಕಾಯುವುದರಲ್ಲಿ ನಾನು ಪಳಗಿದವನು ಎಂದುಕೊಂಡಿದ್ದೆ. ನನ್ನ ಮನೆಯಲ್ಲಿ ಕೂತು ಕಾಯುವುದು ಬೇರೆ. ಇನ್ನೊಬ್ಬರ ಬಾಗಿಲಲ್ಲಿ ಕೂತು ಕಾಯುವುದು ಬೇರೆ ಎಂದು ಗೊತ್ತಿರಲಿಲ್ಲ.

ಎರಡೂಕಾಲು ಗಂಟೆಗೆ ಅವಳು ಗೇಟಿನಲ್ಲಿ ಕಂಡಳು. ನನ್ನನ್ನು ನೋಡಿದ್ದೇ ಅವಳ ಮುಖದ ಬಣ್ಣ ಇಳಿದುಹೋಯಿತು. "ಏನಾಯ್ತು ರೀ? ಯಾರಿಗೇನಾಯ್ತು?"

"ಯಾರಿಗೂ ಏನೂ ಆಗಿಲ್ಲ ಕಣೇ. ಸುಮ್ನೆ ಬಂದೆ."

"ಸುಮ್ನೆ? ನೀವು?"

"ಫ್ಯಾಮಿಲಿ ಅಂತ ಬರಿ ಅಂತ ಹೇಳೋಕ್ ಬಂದೆ."

ಅವಳು ಬೀಗ ತೆಗೆದು ಒಳಗೆ ಹೋದಳು. ಬ್ಯಾಗು ಇಟ್ಟಳು. ಬೆನ್ನು ತಿರುಗಿಸಿಕೊಂಡೇ ಹೇಳಿದಳು: "ಶುಕ್ರವಾರಾನೇ ಕೊಟ್ಬಿಟ್ಟೆ ರೀ. ಸಿಂಗಲ್ ಅಂತ."

"ನೀನು ಸೋಮವಾರ ಅಂದಿದ್ಯಲ್ಲೇ?"

"ನೀವು ಸೋಮವಾರದವರೆಗೂ ಯೋಚನೆ ಮಾಡ್ತೀರಿ, ಸೋಮವಾರ ಇನ್ನೊಂದು ವಾರ ಕೇಳ್ತೀರಿ. ಇಪ್ಪತ್ತನಾಲ್ಕು ವರ್ಷದಲ್ಲಿ ಗೊತ್ತಾಗಲ್ವಾ ನಂಗೆ? ಇನ್ನೊಬ್ಬ ಸಿಸ್ಟರಿಗೆ ಸಣ್ಣ ಮಕ್ಕಳಿದಾವೆ, ಎರಡು ರೂಮು ಅವರಿಗೆ ಬೇಕಾಗಿತ್ತು. ಕೊಟ್ಟಾಯ್ತು."

ಎರಡು ದಿನ ತಡ. ಇದಕ್ಕೆ ಯಾವ ತಿದ್ದುಪಡಿಯೂ ಇರಲಿಲ್ಲ. ಅವಳು ಅನ್ನಕ್ಕಿಟ್ಟಳು. ತಟ್ಟೆ ಒಂದೇ ಇತ್ತು. ನಾನು ತಟ್ಟೆಯಲ್ಲಿ ಉಂಡೆ, ಅವಳು ಪಾತ್ರೆಯಲ್ಲೇ ಉಂಡಳು. ಆರು ದಿನ ಒಂಬತ್ತು ಗಂಟೆಯ ಕತೆ ಹೇಳಿದೆ. ಬೀಗ ತೆಗೆದದ್ದು, ಎಂಟರಲ್ಲಿ ಒಂದು ಪಾಲು, ಎಲ್ಲಾ. "ಆ ದಪ್ಪನೇದು ಅಷ್ಟಾದ್ರೂ ಅಲ್ಲಾಡ್ತಾ?" ಅಂದಳು. ಆಗ ನಕ್ಕಳು, ಸ್ವಲ್ಪ.

ಈಗ ಅವಳು ಒಂದು ರೂಮಿನ ಕ್ವಾರ್ಟರ್ಸಿನಲ್ಲಿದ್ದಾಳೆ. ಒಂದೇ ಮಂಚ. ಬುಧವಾರ ಕಚೇರಿ ಮುಗಿಸಿ ನಾನು ಹೋಗುತ್ತೇನೆ, ನೆಲದ ಮೇಲೆ ಚಾಪೆಯಲ್ಲಿ ಮಲಗಿ ಬೆಳಿಗ್ಗೆಯ ಬಸ್ಸಿಗೆ ವಾಪಸ್ಸು. ಅವಳು ಹದಿನೈದು ದಿನಕ್ಕೊಂದು ಭಾನುವಾರ ಬರುತ್ತಾಳೆ. ಎರಡು ರೂಮಿನದು ಖಾಲಿಯಾದರೆ ಮತ್ತೆ ಅರ್ಜಿ ಹಾಕಬಹುದಂತೆ; ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಉಳಿದ ಸಂಜೆಗಳಲ್ಲಿ ನನ್ನ ಮನೆ ಮೊದಲಿನ ಹಾಗೆಯೇ ಇದೆ, ಹಲ್ಲಿಯೂ ಅದೇ. ಕ್ಯಾಲೆಂಡರಿನಲ್ಲಿ ಮಾತ್ರ ಎರಡು ಬಣ್ಣದ ಸುತ್ತುಗಳು: ಅವಳು ಬಂದದ್ದು ಕೆಂಪು, ನಾನು ಹೋದದ್ದು ನೀಲಿ. ಪ್ಲೂಟೊವನ್ನು ಹಾಗೆಯೇ ಉಳಿಸಿಟ್ಟಿದ್ದೇನೆ. ಮುಟ್ಟಿಲ್ಲ.

ಮೊನ್ನೆ ಬುಧವಾರ ಬಸ್ಸು ಅಜ್ಜಂಪುರ ಬಿಡುವಾಗ ಅವಳ ಫೋನು ಬಂತು.

"ಹೊರಟ್ರಾ?"

"ಹೊರಟೆ."

"ಬೀಗ ಎಷ್ಟು ಸಲ ಎಳೆದ್ರಿ?"

"ಒಂದೇ ಸಲ," ಅಂದೆ.

ಎರಡು ಸಲ ಎಳೆದಿದ್ದೆ.